ಏಡಿ ಎಳೆದ ಗೆರೆ

ಮೊಟ್ಟೆಯಿಡಲು ದಡಕ್ಕೆ ಬಂದ ಕಡಲಾಮೆಗೆ ಮರಳಿನ ಮೇಲೆ ಉದ್ದಕ್ಕೂ ಎಳೆದ ಗೆರೆಯೊಂದು ಕಾಣಿಸಿತು. ಪಕ್ಕದಲ್ಲಿ ಏಡಿಯೊಂದು ಠೀವಿಯಿಂದ ನಿಂತಿತ್ತು. ಅಲೆಗಳನ್ನು ಅಳೆದು, ಬಂದವರಿಗೆ ಭದ್ರವಾದ ಜಾಗ ತೋರಿಸುವುದು ಅದರ ಕಸುಬು.

“ಗೆರೆಯ ಮೇಲ್ಗಡೆ ಎಲ್ಲಿ ಬೇಕಾದರೂ ಇಡಿ, ತಾಯಿ. ನೂರು ಅಲೆ ಬಂದರೆ ತೊಂಬತ್ತೊಂಬತ್ತು ಇದನ್ನು ದಾಟುವುದಿಲ್ಲ,” ಎಂದಿತು ಏಡಿ.

ಏದುಸಿರು ಬಿಡುತ್ತಿದ್ದ ಆಮೆಗೆ ಅಲ್ಲೇ ಕೂತುಬಿಡುವ ಆಸೆಯಾಯಿತು. ಆದರೂ ಕೇಳಿತು: “ಉಳಿದ ಒಂದು ಎಲ್ಲಿಯವರೆಗೆ ಬರುತ್ತದೆ, ಏಡಿರಾಯರೇ?”

“ಅದು ಬಂದಾಗ ನಾನು ಬಿಲಕ್ಕೆ ಓಡುತ್ತೇನಲ್ಲ! ಅಳೆಯುವವರು ಯಾರು?”

ಆಮೆ ಕತ್ತೆತ್ತಿ ಮೇಲ್ಗಡೆ ನೋಡಿತು. ದೂರದ ದಿಬ್ಬದ ಮೇಲೆ, ಕೇದಗೆ ಪೊದೆಯ ಬುಡದಲ್ಲಿ ಒಣಗಿದ ಕಡಲಪಾಚಿ ಸಿಕ್ಕಿಕೊಂಡಿತ್ತು. ಅದಕ್ಕೂ ಮೇಲಕ್ಕೆ ತೆವಳಿಕೊಂಡು ಹೋಯಿತು. “ಎಂಥ ಪುಕ್ಕಲು!” ಎಂದು ಏಡಿ ಹಿಂದಿನಿಂದ ನಕ್ಕಿತು.

ಆಮೆ ಮೊಟ್ಟೆಯಿಟ್ಟು ಮರಳು ಮುಚ್ಚುವಷ್ಟರಲ್ಲಿ ಆ ಒಂದು ಅಲೆ ಬಂದೇಬಿಟ್ಟಿತು. ಕೇದಗೆಯ ಬುಡ ತೋಯಿಸಿ ಹಿಂದೆ ಸರಿಯಿತು. ಏಡಿ ಬಿಲದಿಂದ ಮೆಲ್ಲಗೆ ಹೊರಬಂತು.

“ಅಲೆ ನಿಮ್ಮ ಗೆರೆ ದಾಟಿತಲ್ಲ, ರಾಯರೇ?” ಎಂದಿತು ಆಮೆ.

ಏಡಿ ನುಣ್ಣಗಾದ ಮರಳನ್ನು ಅತ್ತಿತ್ತ ನೋಡಿತು. “ಯಾವ ಗೆರೆ? ಎಲ್ಲಿದೆ, ತೋರಿಸಿ ನೋಡೋಣ!” ಎಂದು, ಅದೇ ಜಾಗದಲ್ಲಿ ಹೊಸದೊಂದನ್ನು ಎಳೆಯತೊಡಗಿತು.