ಹಲ್ಲಿನ ಉಪಕಾರ

ಒಬ್ಬ ಕುಂಬಾರನ ಬಳಿ ಬೂದ, ಕೆಂಚಿ ಎಂಬ ಎರಡು ಕತ್ತೆಗಳಿದ್ದವು. ಚಳಿಗಾಲ ಬಂತೆಂದರೆ ಕೆಂಚಿಯ ಕತ್ತಿನ ಚರ್ಮ ಕೆಂಪಾಗಿ, ಒಣಗಿ, ಹೊಟ್ಟಿನಂತೆ ಉದುರುತ್ತಿತ್ತು. ತುರಿಕೆಯಂತೂ ಹೇಳತೀರದು. ಬೂದ ತನ್ನ ಹಲ್ಲಿನಿಂದ ಪರಪರನೆ ಕೆರೆಯುತ್ತಿದ್ದ.

"ಅಲ್ಲೇ ತಮ್ಮಾ, ಇನ್ನೂ ಸ್ವಲ್ಪ ಮೇಲೆ! ನೀನಿಲ್ಲದಿದ್ದರೆ ನನ್ನ ಗತಿಯೇನು?" ಎನ್ನುತ್ತಿದ್ದಳು ಕೆಂಚಿ. ಇದಕ್ಕಿಂತ ದೊಡ್ಡ ಉಪಕಾರ ಲೋಕದಲ್ಲಿಲ್ಲವೆಂದು ಬೂದ ಬೀಗುತ್ತಿದ್ದ.

ಮೂರನೆಯ ಚಳಿಗಾಲಕ್ಕೆ ಕತ್ತಿನಿಂದ ರಸಿಗೆ ಸುರಿಯತೊಡಗಿತು. ಹಗ್ಗ ತಾಗಿದರೂ ಕೆಂಚಿ ಒದರುತ್ತಿದ್ದಳು. ಇವಳನ್ನು ಮಾರಿಬಿಡುತ್ತೇನೆಂದು ಕುಂಬಾರ ಗೊಣಗಿದ್ದು ಕೇಳಿ, ಬೂದ ಹೊಂಡದಲ್ಲಿ ಮಲಗಿದ್ದ ಮುದಿ ಎಮ್ಮೆಯ ಬಳಿಗೆ ಓಡಿದ.

"ಎಮ್ಮೆಯಮ್ಮಾ, ಆ ಹಾಳು ತುರಿಕೆ ನಮ್ಮಕ್ಕನ ಕತ್ತನ್ನೇ ತಿಂದುಹಾಕಿತಲ್ಲ!"

"ತುರಿಕೆಗೆ ಹಲ್ಲೆಲ್ಲಿದೆಯೋ?" ಎಂದಿತು ಎಮ್ಮೆ. "ಆ ಗಾಯ ನಿನ್ನ ಹಲ್ಲಿನದು. ಕೆರೆದಷ್ಟೂ ತುರಿಕೆ ಕೆರಳುತ್ತದೆ. ಬಂದು ಹೋಗುವ ನೆಂಟನಲ್ಲ ಅದು, ಮನೆಯಲ್ಲೇ ಇರುವಂಥದು. ಓಡಿಸಲಾಗದು, ಕೆಣಕದೆ ಇಟ್ಟುಕೊಳ್ಳಬಹುದು. ಮೈ ಚೆನ್ನಾಗಿದ್ದ ದಿನವೂ ತಪ್ಪದೆ ಕೆಸರು ಮೆತ್ತಿಸು."

ಬೂದ ಅಂದಿನಿಂದ ಕೆಂಚಿಯನ್ನು ದಿನಾ ಹೊಂಡಕ್ಕೆ ಕರೆದೊಯ್ದ. ನಿಧಾನವಾಗಿ ಗಾಯ ಮಾಯಿತು. ಕುಂಬಾರ ಮಾರುವ ಮಾತು ಬಿಟ್ಟ.

ಮರುವರ್ಷ ಚಳಿ ಬಿದ್ದಾಗ ತುರಿಕೆ ಮತ್ತೆ ಸಣ್ಣಗೆ ಎದ್ದಿತು. ಕೆಂಚಿ ಕತ್ತು ಚಾಚಿದಳು. "ಒಂದೇ ಒಂದು ಸಲ ಕೆರೆದುಬಿಡೋ."

"ಬೇಡಕ್ಕಾ, ಕೆಸರಿಗೆ ಹೋಗೋಣ."

"ಮೊದಲು ಎಷ್ಟು ಒಳ್ಳೆಯವನಿದ್ದೆ ನೀನು!" ಎಂದು ಕೆಂಚಿ ಮುನಿದು ಮುಖ ತಿರುಗಿಸಿದಳು.

ಆಗ ಅವಳ ಕತ್ತು ಬೂದನ ಕಣ್ಣಿಗೆ ನೇರವಾಗಿ ಬಿತ್ತು. ಅವನು ಹಲ್ಲೂರಿದ್ದ ಕಡೆಯಲ್ಲೆಲ್ಲ ಕೂದಲು ಹುಟ್ಟದೆ ಬೋಳಾಗಿತ್ತು. ಬೂದ ಅವಳನ್ನು ಮೆಲ್ಲಗೆ ಹೊಂಡದ ಕಡೆಗೆ ನೂಕಿದ.