ಎರಡು ಕೊಡಗಳ ಮಾಚವ್ವ

ಬಹಳ ಬಹಳ ಹಿಂದೆ, ನಮ್ಮಜ್ಜಿಯ ಅಜ್ಜಿಗೂ ಅಜ್ಜಿ ಅನ್ನುವಷ್ಟು ಹಿಂದೆ, ಒಂದೂರಲ್ಲಿ ಮಾಚಿ ಅನ್ನೋ ಸೂಲಗಿತ್ತಿ ಇದ್ದಳಂತೆ. ಸುಮ್ಮನೆ ಕೂತು ಕೇಳ್ರಪ್ಪ. ಅವಳು ಮುಟ್ಟಿದರೆ ಸತ್ತ ಕೂಸೂ ಅಳುತ್ತಿತ್ತು ಅಂತ ಮೇಲಿನ ಕೇರಿಯವರು ಹೇಳ್ತಾರೆ. ಮಣ್ಣಂಗಟ್ಟಿ! ಹಾಗಿದ್ದಿದ್ದರೆ ಅವಳದೇ ಎರಡು ಕೂಸು ಹೋದವಲ್ಲ, ಅವನ್ನು ಎಬ್ಬಿಸಿಕೊಳ್ಳುತ್ತಿರಲಿಲ್ಲವೇ?

ಮಾಚಿ ದೊಡ್ಡಮನೆಯ ತೊತ್ತು. ತೊತ್ತು ಅಂದರೆ ಕೂಲಿಯವಳಲ್ಲ, ಎಷ್ಟು ಸಲ ಹೇಳಲಿ ನಿಮಗೆ! ಕೂಲಿಯವಳು ಸಂಜೆ ಮನೆಗೆ ಹೋಗ್ತಾಳೆ. ತೊತ್ತಿಗೆ ಎಲ್ಲಿಯ ಮನೆ? ಹುಟ್ಟಿದ್ದು ಅವರ ಕೊಟ್ಟಿಗೆಯಲ್ಲಿ, ಮಲಗೋದೂ ಅಲ್ಲೇ. ಕೋಳಿ ಕೂಗೋ ಮೊದಲೇ ಎದ್ದು ಸಗಣಿ ಬಾಚಬೇಕು, ಕೆರೆಯಿಂದ ನೀರು ಹೊರಬೇಕು, ಭತ್ತ ಕುಟ್ಟಬೇಕು, ರಾಗಿ ಬೀಸಬೇಕು, ಎಲ್ಲರೂ ಉಂಡ ಮೇಲೆ ತಳ ಕೆರೆದು ಉಣ್ಣಬೇಕು. ಯಜಮಾನರ ಕೂಸಿಗೆ ಹಾಲು ಕುಡಿಸುವಾಗ ತನ್ನ ಕೂಸು ಕೊಟ್ಟಿಗೆಯಲ್ಲಿ ಅತ್ತರೆ ಅಳಲಿ. ಓಡಿಹೋಗಬಾರದಿತ್ತೇ ಅಂತ ಕೇಳ್ತೀರಿ, ಪ್ರತಿ ಸಲವೂ ಇದೇ ಪ್ರಶ್ನೆ. ಎಲ್ಲಿಗೆ ಓಡ್ತಾಳೆ, ನಿಮ್ಮ ತಲೆ! ಮುಂದಿನ ಊರಲ್ಲೂ ಒಂದು ದೊಡ್ಡಮನೆ ಇತ್ತು. ಹಿಡಿದು ತಂದು ಕಾಲಿಗೆ ಬರೆ ಹಾಕುತ್ತಿದ್ದರು.

ಅವಳಿಗೆ ಉಳಿದದ್ದು ಒಬ್ಬಳೇ ಮಗಳು, ದುಗ್ಗಿ, ಎಂಟು ವರ್ಷದವಳು. ಆ ವರ್ಷ ಯಜಮಾನನ ತಂಗಿಗೆ ಮದುವೆ ಗೊತ್ತಾಯಿತು, ಏಳು ದಿನದ ದಾರಿಯ ಊರಿಗೆ. ಹೆಣ್ಣಿನ ಜೊತೆ ಬಳುವಳಿ ಅಂತ ಹಸು, ಹಿತ್ತಾಳೆ ಪಾತ್ರೆ, ಒಂದು ತೊತ್ತು ಕಳಿಸೋದು ಆಗಿನ ಪದ್ಧತಿ. ದುಗ್ಗಿ ಹೋಗಲಿ ಅಂದರಂತೆ. ಮಾಚಿ ಕಾಲಿಗೆ ಬಿದ್ದಳಂತೆ, ಅವಳ ಬದಲು ನನ್ನನ್ನೇ ಕಳಿಸಿ ಅಂದಳಂತೆ. ಯಜಮಾನಿ ತುಂಬು ಬಸುರಿ, ಸೂಲಗಿತ್ತಿಯನ್ನು ಕಳಿಸಿದರೆ ಹೆರಿಗೆ ಮಾಡಿಸೋರು ಯಾರು ಅಂತ ಗದರಿದರಂತೆ.

ಆ ಯಜಮಾನಿದೂ ಒಂದು ಗೋಳು. ಮೂರು ಹೆತ್ತಿದ್ದಳು, ಮೂರೂ ತೊಟ್ಟಿಲಲ್ಲೇ ಹೋಗಿದ್ದವು. ಕೂಸು ಉಳಿಯದ ಮನೆಯಲ್ಲಿ ಒಂದು ಶಾಸ್ತ್ರ ಮಾಡ್ತಿದ್ದರು. ಹುಟ್ಟಿದ ಕೂಸನ್ನು ಮೊರದಲ್ಲಿ ಮಲಗಿಸಿ, ಹೊಕ್ಕುಳ ಕೊಯ್ದ ಸೂಲಗಿತ್ತಿಗೆ ಒಂದು ಹಿಡಿ ತೌಡಿಗೆ ಮಾರೋದು, ಮಾರನೇ ದಿನ ಅವಳಿಂದ ಕೊಂಡುಕೊಳ್ಳೋದು. ಇದು ಈ ಮನೆಯ ಕೂಸಲ್ಲ ಅಂತ ಸಾವು ಬಿಟ್ಟುಹೋಗ್ತದಂತೆ. ಮೂರು ಸಲವೂ ಮಾಚಿಗೇ ಮಾರಿದ್ದರು. ಮೂರು ಸಲವೂ ಸಾವು ಬಂದಿತ್ತು.

ಮದುವೆಗೆ ಇನ್ನೂ ದಿನ ಇರುವಾಗಲೇ ನಾಲ್ಕನೆಯದು ಹುಟ್ಟಿತು, ಗಂಡು. ಯಜಮಾನನ ತಾಯಿ ಮೊರ ತಂದು ಚಾಚಿದಳು. ಮಾಚಿ ಕೈ ಕಟ್ಟಿ ನಿಂತುಬಿಟ್ಟಳಂತೆ.

"ಏನೇ, ತಗೊಳ್ಳೇ!"

"ಹೆಂಗೆ ತಗೊಳ್ಳಲಮ್ಮಾ? ನಾನು ತೊತ್ತು, ನಾನು ಕೊಂಡದ್ದೆಲ್ಲ ನಿಮ್ಮದೇ. ತೌಡೂ ನಿಮ್ಮದು, ಕೊಡೋ ಕೈಯೂ ನಿಮ್ಮದು. ಮೂರು ಸಲ ನಿಮಗೆ ನೀವೇ ಮಾರಿಕೊಂಡಿರಿ. ಸಾವಿಗೆ ಅಷ್ಟೂ ತಿಳಿಯಲ್ವಾ?"

ಮುದುಕಿ ಹೆದರಿ ಮೊರ ಕೆಳಗಿಟ್ಟಳಂತೆ. ಮೊದಲು ಇವಳನ್ನು ಬಿಡುಗಡೆ ಮಾಡು ಅಂತ ಮಗನನ್ನು ಕೂಗಿದಳು. ತೊತ್ತನ್ನು ಬಿಡಬೇಕಾದರೆ ಅವಳ ಹೆಗಲ ಮೇಲೆ ನೀರಿನ ಕೊಡ ಇಟ್ಟು, ಯಜಮಾನ ತನ್ನ ಕೈಯಾರೆ ಅದನ್ನು ಒಡೆದು, ಇವಳು ತೊತ್ತಲ್ಲ ಅಂತ ಮೂರು ಸಲ ಹೇಳಬೇಕಿತ್ತು. ಹಲ್ಲು ಕಚ್ಚಿಕೊಂಡು ಒಡೆದನಂತೆ, ಊರೆಲ್ಲ ನೋಡಿತಂತೆ. ಬಿಡುಗಡೆಯಾದವಳಿಗೆ ಒಂದು ಹಿಡಿ ತೌಡು ದಾನ ಕೊಟ್ಟರು. ಅದೇ ತೌಡು ಕೊಟ್ಟು ಮಾಚಿ ಕೂಸನ್ನು ಕೊಂಡಳು. ನಗಬೇಡಿ, ನಡೆದದ್ದೇ ಹಾಗೆ.

ಮಾರನೇ ದಿನ ಎರಡು ಹಿಡಿ ತೌಡು ತಂದು, ಕೂಸು ಕೊಡು ಅಂದರು. ಮಾಚಿ ಮಾರಲ್ಲ ಅಂದಳಂತೆ.

ಯಜಮಾನ ಕೈ ಎತ್ತಿದ. ಮಾಚಿ ಅಲುಗಾಡಲಿಲ್ಲ. ಕಿತ್ತುಕೊಳ್ಳಿ ಸ್ವಾಮಿ, ಕಿತ್ತುಕೊಂಡರೆ ಶಾಸ್ತ್ರ ಮುರಿಯಿತು, ಕೂಸು ಮತ್ತೆ ನಿಮ್ಮದೇ ಆಯ್ತು, ಆಮೇಲೆ ನೀವುಂಟು ಸಾವುಂಟು ಅಂದಳಂತೆ. ಒಳಗೆ ಮಲಗಿದ್ದ ಬಾಣಂತಿ, ಅವಳೇನು ಕೇಳಿದರೂ ಕೊಡಿ ಅಂತ ಕಿರುಚಿಕೊಂಡಳಂತೆ. ತನ್ನ ಕೂಸು ಇನ್ನೊಬ್ಬರ ಕೈಯಲ್ಲಿದ್ದರೆ ಹೊಟ್ಟೆ ಹೇಗೆ ಉರಿಯುತ್ತೆ ಅಂತ ಆ ಮನೆಗೆ ಆವತ್ತು ಗೊತ್ತಾಯಿತು.

"ನಿಮ್ಮ ಕೂಸಿಗೆ ನನ್ನ ಕೂಸು," ಅಂದಳು ಮಾಚಿ. "ಇನ್ನೊಂದು ಕೊಡ ತನ್ನಿ."

ತಂದರು. ದುಗ್ಗಿಯ ಹೆಗಲು ಎಷ್ಟಗಲ? ಕೊಡ ನಿಲ್ಲಲೇ ಇಲ್ಲ, ತಾಯಿಯೇ ಹಿಡಿದುಕೊಂಡಳು. ಕೊಡ ಒಡೆದು ಯಜಮಾನ ಮೂರು ಸಲ ಹೇಳಿದ. ಎರಡನೇ ಸಲ ಗೊಣಗಿದನಂತೆ, ಗಟ್ಟಿಯಾಗಿ ಹೇಳಿ ಅಂದಳಂತೆ ಮಾಚಿ. ಆಮೇಲೆ ಕೂಸನ್ನು ಕೊಟ್ಟು, ಒದ್ದೆ ಮಗಳ ಕೈ ಹಿಡಿದು ಹೊರಟಳು. ಯಾರಿಗೂ ಬೇಡದ ಈ ಕಲ್ಲುದಿಣ್ಣೆಗೆ ಬಂದಳು. ನಾವು ಅವರ ಪೈಕಿಯವರು.

ಆ ಹುಡುಗ ಬದುಕಿದನಾ ಅಂತ ಎಲ್ಲರೂ ಕೇಳ್ತೀರಿ. ನೂರು ವರ್ಷ ಬದುಕಿದ ಅಂತಾರೆ, ಹನ್ನೆರಡೇ ಅಂತಲೂ ಅಂತಾರೆ. ಆ ಕೊಟ್ಟಿಗೆಯಲ್ಲಿ ಇನ್ನೂ ಹನ್ನೊಂದು ತೊತ್ತುಗಳು ಉಳಿದರಲ್ಲ, ಅವರ ಗತಿ ಏನಾಯ್ತು ಅಂತ ಒಬ್ಬರಾದರೂ ಕೇಳಿದ್ದೀರಾ? ಅವರ ಹೆಸರು ನನಗೂ ಗೊತ್ತಿಲ್ಲ.

ಅದಕ್ಕೇ ನಮ್ಮ ಕೇರಿಯಲ್ಲಿ ಕೂಸು ಹುಟ್ಟಿದರೆ ನೀರು ತುಂಬಿದ ಕೊಡವನ್ನು ಅದರ ಹೆಗಲಿಗೆ ಮುಟ್ಟಿಸಿ, ಹೊಸ್ತಿಲಲ್ಲಿ ಒಡೆದು, ಇದು ಯಾರ ತೊತ್ತೂ ಅಲ್ಲ ಅಂತ ಮೂರು ಸಲ ಕೂಗೋದು. ಕೊಡ ಒಡೆಯೋದು ಸಾವಿಗೆ ಕಣ್ರೋ ಅಂತ ಪಕ್ಕದೂರವರು ಆಡಿಕೊಳ್ತಾರೆ. ಆಡಿಕೊಳ್ಳಲಿ. ಏ ದ್ಯಾವಣ್ಣ, ಮೊಮ್ಮಗಳು ಹುಟ್ಟಿದಾಳೆ ಅಂತ ಹಲ್ಲು ಕಿರಿದುಕೊಂಡು ಪ್ಲಾಸ್ಟಿಕ್ ಕೊಡ ತಂದಿದ್ದೀಯಲ್ಲೋ, ಅದು ಒಡೆಯುತ್ತೇನೋ? ಏಳು, ಕುಂಬಾರರ ಮನೆಗೆ ಹೋಗಿ ಮಣ್ಣಿನದು ತಗೊಂಡು ಬಾ. ಕೂಸು ಕಾಯ್ತಾ ಇದೆ.