ಕೊನೆಯ ತುತ್ತು

ಇದು ನಡೆದದ್ದು ಯುಗಾದಿಯ ಮರುದಿನ ಬೆಳಿಗ್ಗೆ, ತುಮಕೂರು ಬಸ್ ನಿಲ್ದಾಣದ ಎದುರಿನ ಒಂದು ದರ್ಶಿನಿಯಲ್ಲಿ.

ಗುತ್ತಿಗೆದಾರ ಶಾಂತಮಲ್ಲಪ್ಪನವರು ಅಲ್ಲಿ ದಿನಾ ಮಸಾಲೆ ದೋಸೆ ತಿನ್ನುತ್ತಿದ್ದರು. ಒಂದು ತುತ್ತು ಉಳಿದಾಗ ತಟ್ಟೆ ತಳ್ಳಿ, "ಇದೇನು ದೋಸೆನೋ, ರಟ್ಟೋ? ಬೇರೆ ಕೊಡಿ!" ಎಂದು ಕೂಗುತ್ತಿದ್ದರು. ಬಿಟ್ಟಿಯಾಗಿ ಬಂದ ಎರಡನೆಯದನ್ನು ಮಾತಿಲ್ಲದೆ ಮುಗಿಸುತ್ತಿದ್ದರು. ಮಾಲೀಕರು ರೋಸಿಹೋಗಿ ದೋಸೆ ಹುಯ್ಯುವ ಹೆಂಗಸಿಗೆ, "ಇನ್ನೊಂದು ದೋಸೆ ವಾಪಸ್ ಬಂದರೆ ನಾಳೆಯಿಂದ ನೀನು ಬರಬೇಡ" ಎಂದಿದ್ದರು.

ಅಂದು ಆಕೆಯೇ ತಟ್ಟೆ ಹಿಡಿದು ಬಂದಳು. ಅದರಲ್ಲಿ ಒಂದೇ ತುತ್ತು ದೋಸೆ, ಪಕ್ಕದಲ್ಲಿ ಚಟ್ನಿ.

"ಏನಮ್ಮಾ ಇದು? ಇಲಿಗೆ ಇಡೋಕೆ ತಂದ್ಯಾ?"

"ನಿಮಗೇ ಸಾರ್. ದಿನಾ ಕೊನೇ ತುತ್ತಲ್ಲೇ ನಿಮಗೆ ರುಚಿ ಕೆಡುತ್ತೆ. ಅದಕ್ಕೆ ಇವತ್ತು ಅದನ್ನೇ ಮೊದಲು ತಂದೆ. ಚೆನ್ನಾಗಿಲ್ಲ ಅಂದ್ರೆ ಉಳಿದದ್ದನ್ನ ತರೋದೇ ಇಲ್ಲ."

ಸುತ್ತ ನಿಂತು ತಿನ್ನುತ್ತಿದ್ದವರು ಇಡ್ಲಿ ಕೈಯಲ್ಲೇ ಹಿಡಿದು ನೋಡಿದರು. ಶಾಂತಮಲ್ಲಪ್ಪನವರು ನಿಧಾನವಾಗಿ ಅಗಿದರು. ಕಾವಲಿಯಿಂದ ಬೆಣ್ಣೆಯ ಘಮ ಬರುತ್ತಿತ್ತು.

"ಪರವಾಗಿಲ್ಲ."

"ಜೋರಾಗಿ ಹೇಳಿ ಸಾರ್, ಯಜಮಾನ್ರಿಗೂ ಕೇಳಲಿ."

"ಚೆನ್ನಾಗಿದೆ ಕಣಮ್ಮಾ! ಮಿಕ್ಕಿದ್ದು ತಗೊಂಡು ಬಾ!"

ಅಂದು ಅವರು ತಿಂದದ್ದು ಒಂದೇ ದೋಸೆ.